ಮಾವನ ರಿವಾಲ್ವರ್

ನಮ್ಮ ಸೋದರಮಾವನಿಗೆ ಈಗ ಎಂಬತ್ತನಾಲ್ಕು. ಮೂಡಿಗೆರೆಯ ಕಡೆ ಅವರ ಕಾಫಿ ತೋಟ. ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ದಿನ ನನ್ನನ್ನು ಕರೆಸಿ, ಊಟವಾದ ಮೇಲೆ ಒಳಕೋಣೆಗೆ ಕರೆದುಕೊಂಡು ಹೋಗಿ, ಕಬ್ಬಿಣದ ಬೀರುವಿನಿಂದ ಒಂದು ಹಳೆಯ ಚರ್ಮದ ಚೀಲ ತೆಗೆದು ಮಂಚದ ಮೇಲಿಟ್ಟರು.

"ಇದನ್ನ ನೀನು ತಗೋ ಮಾರಾಯ್ತಿ. ಮಗ ಬೆಂಗಳೂರಲ್ಲಿ ಇದರ ಸುದ್ದಿಯೇ ಬೇಡ ಅಂತಾನೆ. ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ. ನಿನಗಾದ್ರೆ 50 ಸಾವಿರ."

ಚೀಲದೊಳಗಿದ್ದುದು 0.32 ಅಳತೆಯ ರಿವಾಲ್ವರ್. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದು. ಸ್ವಾತಂತ್ರ್ಯ ಬಂದ ಮೇಲೆ ತೋಟ ಮಾರಿ ಊರಿಗೆ ಹೊರಟ ಒಬ್ಬ ಇಂಗ್ಲಿಷ್ ದೊರೆಯಿಂದ ನನ್ನ ಅಜ್ಜ ಕೊಂಡದ್ದಂತೆ. ಹಿಡಿಯ ಎರಡು ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಅಪ್ಪಟ ಉಕ್ಕು. ಮುಕ್ಕಾಲು ಕಿಲೋಗೆ ಹತ್ತಿರದ ಭಾರ. ಮೇಲಿನ ಚಿಲಕ ಒತ್ತಿ ನಳಿಗೆಯನ್ನು ಕೆಳಗೆ ಬಗ್ಗಿಸಿದರೆ ನಮ್ಮ ಅಡಕತ್ತರಿಯ ಹಾಗೆಯೇ ಬಾಯಿ ಬಿಡುತ್ತದೆ. ಆರು ಗುಂಡಿಗೆ ಆರು ತೂತು. "ಭಾರ ಇದ್ದಷ್ಟೂ ಒಳ್ಳೇದು, ಕೈ ಒದೆಯೋದಿಲ್ಲ" ಎಂದರು ಮಾವ.

ನನ್ನನ್ನೇ ಯಾಕೆ ಆರಿಸಿದರೆಂದು ಕೇಳಬೇಕಾಗಿರಲಿಲ್ಲ. ಯಜಮಾನರು ಹೋದ ಮೇಲೆ ಊರಾಚೆಯ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ನಮ್ಮಲ್ಲಿಂದ ಎರಡು ಫರ್ಲಾಂಗು ದೂರದ ಮನೆಗೆ ಆಷಾಢದಲ್ಲಿ ಕಳ್ಳರು ನುಗ್ಗಿ ವೃದ್ಧ ದಂಪತಿಯ ಕೈಕಾಲು ಕಟ್ಟಿ ಹೋಗಿದ್ದರು. ಆ ಮೇಲೆ ರಾತ್ರಿ ನಾಯಿ ಬೊಗಳಿದರೆ ನನಗೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಹಾಗಾಗಿ ಬೇಡವೆಂದು ಅಲ್ಲಿಯೇ ಹೇಳಿಬಿಡಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ಮಾವ" ಎಂದು ಬಂದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದವಳು ನಾನು. ಯೋಚನೆ ಎಂದರೆ ಹಳೆಯ ಪುಸ್ತಕ ಕೆಳಗಿಳಿಸುವುದು ಎಂದೇ ನನ್ನ ಲೆಕ್ಕ. ಹಲಗಲಿಯ ಬೇಡರ ಪಾಠವನ್ನು ಎಷ್ಟು ಬ್ಯಾಚಿಗೆ ಹೇಳಿದ್ದೆನೋ! 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ತಂದೊಪ್ಪಿಸಿ ಎಂದಾಗ ಮುಧೋಳ ಸಂಸ್ಥಾನದ ಆ ಸಣ್ಣ ಹಳ್ಳಿಯವರು ಆಗದು ಎಂದರು. ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಹಾಕಿತು. ಜಡಗ, ಬಾಲ ಮೊದಲಾದ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಲಾವಣಿ ಹಾಡುವವರ ಬಾಯಲ್ಲಿ ಅವರು ಇವತ್ತಿಗೂ ಇದ್ದಾರೆ. ತರಗತಿಯಲ್ಲಿ ಇದನ್ನು ಹೇಳುವಾಗ ನನ್ನ ದನಿಯೇ ಏರುತ್ತಿತ್ತು. ಆದರೆ ಒಂದು ಬಂದೂಕನ್ನಾದರೂ ಮುಟ್ಟಿ ನೋಡಿದವಳಲ್ಲ.

ಹಲಗಲಿಯ ಬೆಂಕಿ ಆರಿದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರು ಕೊಡವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ಕೊಟ್ಟರು. ಆಜ್ಞೆ ಹೊರಡಿಸಿದವರು ಮೈಸೂರು–ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್. ತಮ್ಮ ಪರ ನಿಂತವರ ಕೈಗೆ ಬಂದೂಕು, ಎದುರು ನಿಂತವರ ಕೊರಳಿಗೆ ಹಗ್ಗ. ಕೊಡವರ ಮಟ್ಟಿಗೆ ಅದು ಬರೀ ಸರ್ಕಾರದ ಉಡುಗೊರೆಯಲ್ಲ ಅನ್ನಿ. ಕೈಲ್‌ಪೊಳ್ದಿನಲ್ಲಿ ತೋಕಿಗೆ ಹೂವಿಟ್ಟು ಪೂಜಿಸುವ, ಗಂಡು ಮಗು ಹುಟ್ಟಿದರೆ ಒಂದು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಜನ ಅವರು. ಆ ವಿನಾಯಿತಿ ಇಂದಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಅದು ಉದ್ದನೆಯ ಬಂದೂಕುಗಳಿಗೆ ಮಾತ್ರ. ಮಡಿಕೇರಿಯ ಗೆಳತಿಯೊಬ್ಬಳು, "ನಮ್ಮ ಐನ್‌ಮನೆಯ ತೋಕಿಗೆ ಲೈಸೆನ್ಸ್ ಬೇಡ ಕಣೇ, ಆದ್ರೆ ನಿನ್ನ ಮಾವನ ಆ ಪುಟಾಣಿಗೆ ನಮಗೂ ಬೇಕು" ಎಂದು ಫೋನಿನಲ್ಲೇ ನಕ್ಕಳು.

1878ರಲ್ಲಿ ಲಾರ್ಡ್ ಲಿಟ್ಟನ್ ತಂದ ಶಸ್ತ್ರ ಕಾಯಿದೆಯೊಳಗೂ ಇದೇ ಭೇದಭಾವ. ನಮ್ಮವರಿಗೆ ಲೈಸೆನ್ಸು ಬೇಕು, ಬಿಳಿಯರಿಗೆ ಬೇಡ. ಅಜ್ಜನಿಗೆ ರಿವಾಲ್ವರ್ ಮಾರಿದ ದೊರೆಯ ಹಿಂದಿನ ತಲೆಮಾರಿನವರು ಯಾರಿಗೂ ಅರ್ಜಿ ಬರೆಯದೆ ಇಂಥದನ್ನು ಸೊಂಟದಲ್ಲಿ ಇಟ್ಟುಕೊಂಡು ತೋಟ ಸುತ್ತಿರಬೇಕು. ಈ ಅವಮಾನ ನಮ್ಮ ನಾಯಕರನ್ನು ಎಷ್ಟು ಚುಚ್ಚಿತ್ತೆಂದರೆ, 1931ರ ಕರಾಚಿ ಕಾಂಗ್ರೆಸ್ಸಿನಲ್ಲಿ ಮೂಲಭೂತ ಹಕ್ಕುಗಳ ಪಟ್ಟಿ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿದ್ದರು. ಗಾಂಧೀಜಿಯ ಕಾಂಗ್ರೆಸ್ಸು! ಮಕ್ಕಳಿಗೆ ಹೇಳಿದರೆ ನಂಬುತ್ತಿರಲಿಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ಮಾತನ್ನು ಮತ್ತೆ ಎತ್ತಿದವರು ಎಚ್. ವಿ. ಕಾಮತ್, ಮಂಗಳೂರಿನಲ್ಲಿ ಹುಟ್ಟಿದವರು. ಅಂಬೇಡ್ಕರರು ಒಪ್ಪಲಿಲ್ಲ. ಎಲ್ಲರಿಗೂ ಹಕ್ಕೆಂದರೆ ಅಪರಾಧವನ್ನೇ ಕಸುಬು ಮಾಡಿಕೊಂಡವರಿಗೂ ಹಕ್ಕು ಎಂದಾಗುತ್ತದಲ್ಲ ಎಂಬುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ಆಮೇಲೆ ಬಂದದ್ದು 1959ರ ಶಸ್ತ್ರ ಕಾಯಿದೆ. ಬಿಳಿಯರು, ಕರಿಯರು ಎಂಬುದು ಹೋಯಿತು, ಅರ್ಜಿ ಉಳಿಯಿತು.

ಆ ಅರ್ಜಿಯನ್ನು ನಾನೂ ತರಿಸಿ ನೋಡಿದೆ. ಮಾವನ ಹೆಸರಿನ ಲೈಸೆನ್ಸು ನನಗೆ ಏನೂ ಪ್ರಯೋಜನವಿಲ್ಲ. ಮೊದಲು ನನ್ನ ಹೆಸರಿಗೆ ಜಿಲ್ಲಾಧಿಕಾರಿ ಕಚೇರಿಯಿಂದ ಬೇರೆಯೇ ಆಗಬೇಕು, ಪೊಲೀಸರು ಬಂದು ವಿಚಾರಿಸಬೇಕು, 2016ರ ನಿಯಮದ ಪ್ರಕಾರ ತರಬೇತಿಯ ಸರ್ಟಿಫಿಕೇಟೂ ಬೇಕು. ಅದಾದ ಮೇಲೆ ಮಾವ ಲಿಖಿತವಾಗಿ ತಿಳಿಸಿ 45 ದಿನ ಕಳೆಯಬೇಕು, ಆಗ ಮಾರಾಟ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರಬೇಕು. ಮಾವ ಅದನ್ನು ಟವೆಲಿನಲ್ಲಿ ಸುತ್ತಿ, ಸಂತೆಯ ಚೀಲದಲ್ಲಿಟ್ಟು, ಮೇಲೆ ಎರಡು ಬಾಳೆಗೊನೆಯ ಚಿಪ್ಪು ಮುಚ್ಚಿ ಬಸ್ಸಿನಲ್ಲಿ ಹೋಗುತ್ತಿದ್ದುದು ನನಗೆ ನೆನಪಿದೆ. ಚಿಪ್ಪು ಮಾತ್ರ ಪ್ರತಿ ಸಲವೂ ಠಾಣೆಯಲ್ಲೇ ಉಳಿಯುತ್ತಿತ್ತು.

ಇದಕ್ಕೆಲ್ಲ ನಾನು ಹೆದರಲಿಲ್ಲ. ಕಚೇರಿ ಅಲೆದು ಪೆನ್ಷನ್ ಮಾಡಿಸಿಕೊಂಡವಳಿಗೆ ಇದೇನು ಮಹಾ! ಪೆನ್ನು ನಿಂತದ್ದು, ಯಾತಕ್ಕಾಗಿ ಬೇಕು ಎಂಬ ಪ್ರಶ್ನೆಯ ಹತ್ತಿರ.

ಆತ್ಮರಕ್ಷಣೆಗೆ ಎಂದು ಬರೆಯಬಹುದಿತ್ತು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯವರು ಹೆಂಗಸರಿಗೆಂದೇ 'ನಿರ್ಭೀಕ್' ಎಂಬ ರಿವಾಲ್ವರ್ ಮಾಡಿದ್ದರು. ದೆಹಲಿಯ ಆ ಹುಡುಗಿಯನ್ನು ನೆನಪಿಸುವ ಹೆಸರು. ಟೈಟೇನಿಯಂ ಮಿಶ್ರಲೋಹದ್ದು, ಅರ್ಧ ಕಿಲೋ ತೂಕ, ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆ, ಬೆಲೆ 1 ಲಕ್ಷ 20 ಸಾವಿರಕ್ಕೂ ಮೇಲೆ. ಬಸ್ಸಿನಲ್ಲಿ ಮನೆಗೆ ಹೋಗುವ ಯಾವ ಹುಡುಗಿಯ ಹತ್ತಿರ ಅಷ್ಟು ದುಡ್ಡಿರುತ್ತದೆ ಎಂದು ನಾವು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡಿದ್ದೆವು. ಅದಕ್ಕೆ ಹೋಲಿಸಿದರೆ ಮಾವನ ಉಕ್ಕು ಅಗ್ಗವೇ. 1980ರ ದಶಕದ ನಂತರ ಖಾಸಗಿಯವರು ವಿದೇಶದಿಂದ ತರಿಸುವುದು ಬಹುಮಟ್ಟಿಗೆ ನಿಂತುಹೋಗಿ, ಇಂಥ ಹಳೆಯವಕ್ಕೆ ಬೆಲೆ ಏರಿದೆ. ಮಾವ ನನಗೆ ಮೋಸ ಮಾಡುತ್ತಿರಲಿಲ್ಲ, ಬಿಟ್ಟುಕೊಡುತ್ತಿದ್ದರು.

ಇನ್ನೊಮ್ಮೆ ಹೋದಾಗ ನಮ್ಮ ಪಕ್ಕದ ತೋಟದ ನಿವೃತ್ತ ಸುಬೇದಾರರೂ ಜೊತೆಗೆ ಬಂದರು. ಗುಂಡಿಲ್ಲವೆಂದು ಎರಡೆರಡು ಸಲ ನೋಡಿ, ನಳಿಗೆಯನ್ನು ಬೆಳಕಿಗೆ ಹಿಡಿದರು. ಮಲೆನಾಡಿನ ಮಳೆ ಒಳಗೆ ಸಣ್ಣ ಸಣ್ಣ ಗುಳಿ ಕೊರೆದಿತ್ತು. ಬಿಜಾಗರಿಯೂ ಚಿಲಕವೂ ಸ್ವಲ್ಪ ಅಲುಗಾಡುತ್ತಿದ್ದವು. ಮಾವ ಹೊಲಿಗೆ ಮಿಷನ್ನಿನ ಎಣ್ಣೆ ಹಾಕುವುದನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ, ಆದರೂ ಅಷ್ಟು. "ಹೊಡೆಯುತ್ತೆ. ಒಮ್ಮೆ ರಿಪೇರಿ ಆಗಬೇಕು" ಎಂದರು ಸುಬೇದಾರರು. ನನ್ನ ಕೈಗೂ ಕೊಟ್ಟರು. ಗಂಟುನೋವಿನ ಬೆರಳಿನಿಂದ ಕುದುರೆ ಎಳೆಯಲು ನನಗೆ ಎರಡು ಕೈ ಬೇಕಾಯಿತು. ಮಾವ ಬೇರೆ ಕಡೆ ನೋಡಿದರು.

ಅವತ್ತು ರಾತ್ರಿ ಅಲ್ಲಿಯೇ ಮಲಗಿದ್ದೆ. ನಮ್ಮ ಕಡೆಯ ಬಂದೂಕಿನ ಸಾವುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಕಾಡುಹಂದಿ ಎಂದು ತಿಳಿದು ಭಾವಮೈದುನನಿಗೇ ಹೊಡೆದದ್ದು. ಹಿಸ್ಸೆಯ ಜಗಳದಲ್ಲಿ ಅಣ್ಣ ತಮ್ಮಂದಿರದ್ದು. ಹೆಂಗಸರು ದನಿ ತಗ್ಗಿಸಿ ಹೇಳುವ ಮೂರನೆಯ ಬಗೆಯೂ ಇದೆ. ಸಾಲವೋ ಬೇಸರವೋ, ಬಾಗಿಲು ಹಾಕಿಕೊಂಡವನದು. ಕಳ್ಳ ಸತ್ತ ಒಂದು ಕಥೆಯೂ ನನಗೆ ಸಿಗಲಿಲ್ಲ. ನಮ್ಮ ಮನೆಗೆ ರಜೆಗೆ ಬರುವ ಮೊಮ್ಮಗನಿಗೆ ಈಗ ಹದಿನೇಳು. ಪರೀಕ್ಷೆಯ ನಂಬರು ಬಂದ ದಿನ ಅವನು ಯಾರೊಡನೆಯೂ ಮಾತಾಡುವುದಿಲ್ಲ. ಬೀರುವಿನ ಬೀಗದ ಕೈ ನಾನು ಎಲ್ಲಿಡುತ್ತೇನೆ ಎನ್ನುವುದು ಅವನಿಗೆ ಮೂರು ವರ್ಷದವನಿದ್ದಾಗಿನಿಂದ ಗೊತ್ತು. ಅದರಲ್ಲಿ ಚಾಕೊಲೇಟ್ ಇರುತ್ತಿತ್ತು.

ಬೆಳಿಗ್ಗೆ ಕಾಫಿ ಕುಡಿಯುವಾಗ, "ಬೇಡ ಮಾವ" ಎಂದೆ. ಕಾರಣ ಕೇಳಿದರು, ಬೆರಳನ್ನು ತೋರಿಸಿದೆ. ಅವರು ನಂಬಿದರೋ ಇಲ್ಲವೋ. "ನಿನ್ನ ಅಜ್ಜಿ ಇದನ್ನ ಒಂದು ದಿನವೂ ಮುಟ್ಟಲಿಲ್ಲ, ಇದಿರೋ ಕೋಣೆಯಲ್ಲಿ ಮಲಗಲೂ ಇಲ್ಲ" ಎಂದರು, ಸ್ವಲ್ಪ ಹೊತ್ತಿನ ಮೇಲೆ.

ನಾನು ಆ ದುಡ್ಡಿನಲ್ಲಿ ಹಿಂಬಾಗಿಲಿಗೆ ಕಬ್ಬಿಣದ ಗೇಟು ಹಾಕಿಸಿ, ಅಂಗಳಕ್ಕೆ ಎರಡು ದೀಪ ಇಡಿಸಿದೆ. ನಾಯಿ ಬೊಗಳಿದರೆ ಈಗಲೂ ಎಚ್ಚರವಾಗುತ್ತದೆ. ಮಾವ ಪೊಲೀಸರಿಗೆ ಬರೆದು ತಿಳಿಸಿ, ರಿವಾಲ್ವರನ್ನು ಲೈಸೆನ್ಸುಳ್ಳ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟಿದ್ದಾರೆ. ಖಾಲಿ ಚರ್ಮದ ಚೀಲವನ್ನು ಮಾತ್ರ ಅಂಗಡಿಗೆ ಕೊಡದೆ ಮನೆಗೆ ತಂದರಂತೆ. ಭಾನುವಾರ ಫೋನ್ ಮಾಡಿದಾಗ ಕೇಳುತ್ತೇನೆ, ಗಿರಾಕಿ ಬಂದರಾ ಎಂದು. ಒಬ್ಬರು ಬಂದು ನೋಡಿ ಹೋದರಂತೆ, ಭಾರ ಹೆಚ್ಚಾಯಿತು ಎಂದರಂತೆ.