ಮೂಗಿನ ಮೇಲಿನ ಹುಣ್ಣು ಯಾರ ಲೆಕ್ಕಕ್ಕೆ?

ಬೆಡ್‌ಸೋರ್ ಎಂದ ಕೂಡಲೇ ನೆನಪಾಗುವುದು ಬೆನ್ನು, ಸೊಂಟದ ಕೆಳಭಾಗ, ಹಿಮ್ಮಡಿ. ತಿಂಗಳುಗಟ್ಟಲೆ ಮಲಗಿದವರ ಮೈಭಾರವೇ ಅವರ ಚರ್ಮವನ್ನು ಕೊಲ್ಲುತ್ತದೆ ಎಂಬುದು ಮನೆಮಂದಿಗೂ ಗೊತ್ತು. ವಾಟರ್ ಬೆಡ್ಡು ತರುವುದೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೂ ಅದಕ್ಕೇ. ಐಸಿಯುವಿನಲ್ಲಿ ಆಗುವ ಇನ್ನೊಂದು ಬಗೆಯ ಹುಣ್ಣಿಗೆ ಈ ವಿವರಣೆ ಒಗ್ಗುವುದಿಲ್ಲ. ಅದು ಮೂಗಿನ ದಿಣ್ಣೆಯ ಮೇಲೆ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾಸ್ಕಿನ ಅಂಚು ಕೂರುವಲ್ಲಿ ಆಗುತ್ತದೆ. ಉಸಿರಾಟದ ಟ್ಯೂಬು ತುಟಿಯ ಮೂಲೆಗೆ ಒತ್ತುವಲ್ಲಿ, ಆ ಟ್ಯೂಬನ್ನು ಕಟ್ಟಿದ ಪಟ್ಟಿ ಕಿವಿಯ ಹಿಂದೆ ಹಾಯುವಲ್ಲಿ, ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬು ಮೂಗಿನ ಹೊಳ್ಳೆಗೆ ತಾಗುವಲ್ಲಿ, ಕುತ್ತಿಗೆಯ ಕಾಲರ್ ಗಲ್ಲಕ್ಕೆ ಆತುಕೊಳ್ಳುವಲ್ಲಿ ಆಗುತ್ತದೆ. ಇಲ್ಲಿ ಒತ್ತುವುದು ರೋಗಿಯ ಭಾರವಲ್ಲ, ರೋಗಿಯನ್ನು ಉಳಿಸಲೆಂದು ಆಸ್ಪತ್ರೆಯೇ ತೊಡಿಸಿದ ಸಲಕರಣೆ. ಹುಣ್ಣಿನ ಆಕಾರವೂ ಬಹಳ ಸಲ ಆ ಸಲಕರಣೆಯ ಆಕಾರವೇ. ಹೀಗಿದ್ದೂ ಈ ಗಾಯವನ್ನು ಇಂದಿಗೂ ಬರೆದಿಡುವುದು ನರ್ಸಿಂಗ್ ವಿಭಾಗದ ಬೆಡ್‌ಸೋರ್ ಲೆಕ್ಕದಲ್ಲಿ, ಅಂದರೆ ಆರೈಕೆಯ ಲೋಪವಾಗಿ. ಈ ಕ್ಷೇತ್ರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಾದಿಯನ್ನು ನೋಡಿದರೆ ಆ ಲೆಕ್ಕ ತಪ್ಪು ಪುಸ್ತಕದಲ್ಲಿದೆ ಎನ್ನದೆ ವಿಧಿಯಿಲ್ಲ.

ತಪ್ಪು ಯಾರದು ಎಂಬ ಜಗಳ ಹಳೆಯದು. 1850ರ ದಶಕದಲ್ಲಿ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ಬೆನ್ನುಹುರಿ ಕತ್ತರಿಸಿದ ಪ್ರಾಣಿಗಳಲ್ಲೂ ಒತ್ತಡ ತಪ್ಪಿಸಿದರೆ ಹುಣ್ಣು ತಪ್ಪುತ್ತದೆ ಎಂದು ತೋರಿಸಿದ. ಪ್ಯಾರಿಸ್ಸಿನ ನರರೋಗತಜ್ಞ ಶಾರ್ಕೋ ಅದನ್ನು ಒಪ್ಪದೆ, ಇದು ನರಮಂಡಲದ ಹಾನಿಯ ಫಲ, ವೈದ್ಯರ ಕೈಯಲ್ಲಿ ಏನೂ ಇಲ್ಲ ಎಂದ. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ ಹೊಣೆಯನ್ನು ರೋಗದ ಮೇಲಿಂದ ಎತ್ತಿ ಆರೈಕೆಯ ಮೇಲೆ ಇಟ್ಟರು. ವಿಧಿಯೆಂದು ಕೈಚೆಲ್ಲಿದ್ದನ್ನು ತಡೆಯಬಹುದಾದದ್ದೆಂದು ಹೇಳಿದ್ದು ಆ ಕಾಲಕ್ಕೆ ದೊಡ್ಡ ಮುನ್ನಡೆ. ಅದೇ ಮಾತು ಮುಂದೆ ಗಟ್ಟಿಯಾಗಿ, ಹುಣ್ಣಾದರೆ ನರ್ಸ್ ತಪ್ಪಿತಸ್ಥೆ ಎಂಬ ರೂಢಿಯಾಯಿತು. 1962ರಲ್ಲಿ ಡೊರೀನ್ ನಾರ್ಟನ್ ವೃದ್ಧರ ವಾರ್ಡುಗಳಿಗಾಗಿ ಅಪಾಯ ಅಳೆಯುವ ಪಟ್ಟಿ ಮಾಡಿದರು. 1987ರಲ್ಲಿ ಬಂದ ಬ್ರೇಡನ್ ಪಟ್ಟಿ ಇವತ್ತು ನಮ್ಮ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ರೋಗಿಗೆ ಸ್ಪರ್ಶಜ್ಞಾನ ಇದೆಯೇ, ಚರ್ಮ ಒದ್ದೆಯೇ, ನಡೆದಾಡುತ್ತಾರೆಯೇ, ಹೊರಳುತ್ತಾರೆಯೇ, ಉಣ್ಣುತ್ತಾರೆಯೇ, ಹಾಸಿಗೆಗೆ ಮೈ ಉಜ್ಜುತ್ತದೆಯೇ ಎಂದು ಅದು ಆರು ಅಂಶ ಕೇಳುತ್ತದೆ. ಮೈಮೇಲೆ ಎಷ್ಟು ಸಲಕರಣೆ ಇದೆ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಸೇರಿದ್ದು 2018ರಲ್ಲಿ, ಅದೂ ಮಕ್ಕಳಿಗಾಗಿ ತಿದ್ದಿದ ಆವೃತ್ತಿಯಲ್ಲಿ.

ಮೊದಮೊದಲ ಮೌನಕ್ಕೆ ಕಾರಣವಿದೆ: ಸಲಕರಣೆಗಳೇ ಇರಲಿಲ್ಲ. 1952ರ ಕೋಪನ್‌ಹೇಗನ್ ಪೋಲಿಯೊ ಹಾವಳಿಯಲ್ಲಿ ಬ್ಯೋರ್ನ್ ಇಬ್ಸನ್ ರೋಗಿಗಳ ಕತ್ತು ಕೊಯ್ದು ಟ್ಯೂಬು ಹಾಕಿ, ವಿದ್ಯಾರ್ಥಿಗಳ ಕೈಯಲ್ಲಿ ಚೀಲ ಒತ್ತಿಸಿ ಉಸಿರಾಡಿಸಿದ ಮೇಲೆ ಐಸಿಯು ಎಂಬ ಕಲ್ಪನೆ ಬೇರೂರಿತು. ಮರುವರ್ಷ ನಮ್ಮ ಕರಾವಳಿಯ ಮಣಿಪಾಲದಲ್ಲಿ ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಆಸ್ಪತ್ರೆ ಬಂದದ್ದು 1961ರಲ್ಲಿ. ಇಂದು ಹೆಬ್ರಿ, ಕಾರ್ಕಳ, ಕಾಪು ಕಡೆಯಲ್ಲಿ ಯಾರಿಗಾದರೂ ವೆಂಟಿಲೇಟರ್ ಬೇಕೆಂದರೆ ಮೊದಲು ಬರುವ ಹೆಸರು ಮಣಿಪಾಲ.

ಸಲಕರಣೆ ಒತ್ತಿ ಅಂಗಾಂಶ ಸಾಯುತ್ತದೆ ಎಂಬುದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಚರ್ಮದ ಕಡೆಯವರಲ್ಲ, ಶ್ವಾಸನಾಳದ ಶಸ್ತ್ರವೈದ್ಯರು. ಈ ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ವೆಂಟಿಲೇಟರಿನಿಂದ ಬದುಕಿ ಮನೆಗೆ ಹೋದವರು ಕೆಲವು ವಾರಗಳಲ್ಲಿ ಉಸಿರು ಕಟ್ಟಿ ಮರಳಿ ಬರುತ್ತಿದ್ದರು. ಟ್ಯೂಬಿನ ತುದಿಯಲ್ಲಿ ಗಾಳಿ ತುಂಬಿ ಉಬ್ಬಿಸುವ ಕಫ್ ಇದ್ದ ಜಾಗದಲ್ಲಿ ಶ್ವಾಸನಾಳ ಹುಣ್ಣಾಗಿ, ಮಾಗಿ, ಕಿರಿದಾಗಿರುತ್ತಿತ್ತು. 1969ರಲ್ಲಿ ಕೂಪರ್ ಮತ್ತು ಗ್ರಿಲೊ ಇದು ಕಫ್ಫಿನ ಒತ್ತಡದ್ದೇ ಕೆಲಸ ಎಂದು ತೋರಿಸಿದರು. ಆಗ ಯಾರೂ ನರ್ಸ್ ಸರಿಯಾಗಿ ನೋಡಿಕೊಳ್ಳಲಿಲ್ಲ ಎನ್ನಲಿಲ್ಲ, ಕಫ್ಫನ್ನೇ ಬದಲಿಸಿದರು. ಗಟ್ಟಿ ರಬ್ಬರಿನ, ಸಣ್ಣ ಜಾಗಕ್ಕೆ ಭಾರೀ ಒತ್ತಡ ಹಾಕುವ ಕಫ್ ಹೋಗಿ, 1970ರ ದಶಕದಲ್ಲಿ ತೆಳ್ಳಗಿನ, ಹರವಾದ, ಕಡಿಮೆ ಒತ್ತಡದ ಕಫ್ ಬಂತು. 1984ರಲ್ಲಿ ಸೀಗೋಬಿನ್ ಮತ್ತು ವಾನ್ ಹ್ಯಾಸೆಲ್ಟ್ ಶ್ವಾಸನಾಳದೊಳಗೆ ದರ್ಶಕ ಇಳಿಸಿ, ಒತ್ತಡ 30 ಸೆಂಟಿಮೀಟರ್ ನೀರಿನ ಮಟ್ಟ ಮೀರಿದರೆ ಒಳಪೊರೆಯ ರಕ್ತಸಂಚಾರ ಕುಂದುವುದನ್ನು ಕಣ್ಣಾರೆ ಕಂಡರು. ಇವತ್ತು ಐಸಿಯುಗಳಲ್ಲಿ ಕಫ್ ಒತ್ತಡವನ್ನು 20ರಿಂದ 30ರ ಒಳಗೆ ಇಡುವುದು, ಅದಕ್ಕೊಂದು ಪುಟ್ಟ ಮಾಪಕ ಇರುವುದು ಆ ಕೆಲಸದ ಫಲ. ಗಮನಿಸಿ, ಇಲ್ಲಿ ನರ್ಸಿನ ಎಚ್ಚರವೂ ಬೇಕೇ ಬೇಕು. ಆದರೆ ಆಕೆಗೆ ಮೊದಲು ಒಳ್ಳೆಯ ಕಫ್ ಕೊಟ್ಟರು, ಆಮೇಲೆ ಅಳೆಯುವ ಸಾಧನ ಕೊಟ್ಟರು, ಕೊನೆಗೆ ಎಚ್ಚರ ಕೇಳಿದರು.

ಅದೇ ಟ್ಯೂಬಿನ ಹೊರಗಿನ ತುದಿ ತುಟಿ ಸೀಳಿದಾಗ ಕ್ರಮ ತಲೆಕೆಳಗಾಯಿತು. ಅಲ್ಲಿ ಮೊದಲು ಕೇಳಿದ್ದು ಎಚ್ಚರವನ್ನೇ, ಲೆಕ್ಕ ಇಡುವುದಕ್ಕೂ ಬಹಳ ಕಾಲ ಹಿಡಿಯಿತು. 2010ರಲ್ಲಿ ಜಾಯ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು 2079 ರೋಗಿಗಳನ್ನು ಪರಿಶೀಲಿಸಿ, ಆಸ್ಪತ್ರೆಯಲ್ಲೇ ಆದ ಒತ್ತಡದ ಹುಣ್ಣುಗಳಲ್ಲಿ ಶೇ. 34.5 ಸಲಕರಣೆಗಳಿಂದ ಆದವು ಎಂದು ವರದಿ ಮಾಡಿದಾಗ ಹಲವರು ಬೆಚ್ಚಿದರು. ಮೂರರಲ್ಲಿ ಒಂದು ಹುಣ್ಣಿಗೆ ಹಾಸಿಗೆಯ ಸಂಬಂಧವೇ ಇರಲಿಲ್ಲ. 2014ರ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ವಿಷಯಕ್ಕೆ ಪ್ರತ್ಯೇಕ ಭಾಗ ಕೊಟ್ಟು, ಸಲಕರಣೆಯ ಅಡಿಯ ಚರ್ಮವನ್ನು ದಿನಕ್ಕೆ ಕನಿಷ್ಠ ಎರಡು ಸಲ ನೋಡಬೇಕೆಂದಿತು. 2016ರ ಏಪ್ರಿಲ್‌ನಲ್ಲಿ ಅಮೆರಿಕದ ಒತ್ತಡದ ಹುಣ್ಣುಗಳ ಸಲಹಾ ಮಂಡಳಿ ಸಲಕರಣೆಯಿಂದಾದ ಗಾಯಕ್ಕೂ ಬಾಯಿ-ಮೂಗಿನ ಒಳಪೊರೆಯ ಗಾಯಕ್ಕೂ ಬೇರೆ ಬೇರೆ ವ್ಯಾಖ್ಯೆ ಕೊಟ್ಟಿತು. 2019ರಲ್ಲಿ ಡೆಬ್ರಾ ಜಾಕ್ಸನ್ ತಂಡ 29 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೊಸದಾಗಿ ಇಂಥ ಗಾಯವಾಗುವ ಪ್ರಮಾಣ ಶೇ. 12ರಷ್ಟಿತ್ತು. ಅಧ್ಯಯನದಿಂದ ಅಧ್ಯಯನಕ್ಕೆ ಅಂಕಿ ಬಹಳ ಏರುಪೇರಾಗುತ್ತದೆ ಎನ್ನುವುದೂ ನಿಜ. ಇದನ್ನೇ ಹಿಡಿದು, ಹುಡುಕಿದಷ್ಟೂ ಸಿಗುತ್ತದೆ, ಸಮಸ್ಯೆಯೇನೂ ಅಷ್ಟು ದೊಡ್ಡದಲ್ಲ ಎನ್ನುವವರಿದ್ದಾರೆ. ನನಗೆ ಅದು ತಿರುಗುಮುರುಗಾದ ವಾದ. ಮಾಸ್ಕ್ ಬಿಚ್ಚಿ ನೋಡಿದವರಿಗೆ ಸಿಗುತ್ತದೆ, ನೋಡದವರಿಗೆ ಸಿಗುವುದಿಲ್ಲ ಎಂದಾದರೆ ಕಡಿಮೆ ಅಂಕಿ ತೋರಿಸುವ ಆಸ್ಪತ್ರೆಯ ಮೇಲೇ ಅನುಮಾನ ಪಡಬೇಕಾಗುತ್ತದೆ.

ನಡುವೆ ವಿಜ್ಞಾನವೂ ಬದಲಾಗಿತ್ತು. 1930ರಲ್ಲಿ ಲ್ಯಾಂಡಿಸ್ ಉಗುರಿನ ಬುಡದ ಸೂಕ್ಷ್ಮ ರಕ್ತನಾಳದಲ್ಲಿ ಅಳೆದ 32 ಮಿಲಿಮೀಟರ್ ಪಾದರಸದ ಒತ್ತಡವನ್ನು ಮುಂದಿನ ಅರ್ಧ ಶತಮಾನ ಹಾಸಿಗೆ ತಯಾರಕರು ಲಕ್ಷ್ಮಣರೇಖೆಯಂತೆ ಬಳಸಿದರು. ಆರೋಗ್ಯವಂತರ ಬೆರಳಿನ ಲೆಕ್ಕವನ್ನು ಬಿಪಿ ಕುಸಿದ ರೋಗಿಯ ಸೊಂಟಕ್ಕೆ ಹಚ್ಚಿದ್ದು ವಿಚಿತ್ರವೇ. 1959ರಲ್ಲಿ ಕೋಸಿಯಾಕ್ ಒತ್ತಡದ ಜೊತೆ ಸಮಯವನ್ನೂ ಗಣಿಸಬೇಕೆಂದು ತೋರಿಸಿದ. ಈ ಶತಮಾನದಲ್ಲಿ ಐಂಡ್‌ಹೋವನ್‌ನ ಸಂಶೋಧಕರು, ಟೆಲ್ ಅವೀವ್‌ನ ಅಮಿತ್ ಗೆಫೆನ್ ಮುಂತಾದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ರಕ್ತ ನಿಂತು ಜೀವಕೋಶ ಸಾಯಲು ಗಂಟೆಗಳು ಬೇಕು. ಆದರೆ ಗಟ್ಟಿ ವಸ್ತುವಿನ ಅಂಚು ಮೆದು ಅಂಗಾಂಶವನ್ನು ಹಿಂಡಿ ಆಕಾರ ಕೆಡಿಸಿದರೆ ಕೋಶದ ಒಳಚೌಕಟ್ಟೇ ಅದಕ್ಕೂ ಬಹಳ ಮೊದಲು ಮುರಿಯುತ್ತದೆ. ಮೂಗಿನ ದಿಣ್ಣೆಯಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಮೇಲೆ ಕೂರುವ ಪ್ಲಾಸ್ಟಿಕ್ ಚರ್ಮಕ್ಕಿಂತ ಎಷ್ಟೋ ಪಟ್ಟು ಗಡಸು. ಅಂದರೆ ಅಪಾಯ ವಸ್ತುವಿನ ಗುಣದಲ್ಲೇ ಇದೆ.

ನಮ್ಮ ಕರಾವಳಿಯ ಐಸಿಯುಗಳಿಗೆ ಬರುವ ರೋಗಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಮಳೆಗಾಲದಲ್ಲಿ ಗದ್ದೆ-ತೋಟದ ಕೆಸರಿನಿಂದ ತಗಲುವ ಇಲಿಜ್ವರ ಕೆಲವರಲ್ಲಿ ಶ್ವಾಸಕೋಶಕ್ಕೇ ಏರುತ್ತದೆ. ಕೀಟನಾಶಕ ಕುಡಿದವರು ಸ್ನಾಯು ಸೋತು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ವೆಂಟಿಲೇಟರಿನಲ್ಲಿರುತ್ತಾರೆ. ಅವರ ಬಾಯಿಂದ ಜೊಲ್ಲು ಸುರಿದು ಟ್ಯೂಬು ಕಟ್ಟಿದ ಹತ್ತಿಪಟ್ಟಿ ತೊಯ್ಯುತ್ತದೆ, ತೊಯ್ದ ಪಟ್ಟಿ ಸುರುಳಿಗೊಂಡು ಹಗ್ಗದಂತಾಗಿ ಕೆನ್ನೆಗೆ ಇಳಿಯುತ್ತದೆ. ಡ್ರಿಪ್ ಸುರಿದ ಮೇಲೆ ಮುಖ ಊದುತ್ತದೆ. ಸಂಜೆ ಎರಡು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿದ ಪಟ್ಟಿ, ಯಾರೂ ಮುಟ್ಟದಿದ್ದರೂ, ಬೆಳಗಾಗುವಷ್ಟರಲ್ಲಿ ಒಂದು ಬೆರಳೂ ತೂರದಷ್ಟು ಬಿಗಿಯಾಗಿರುತ್ತದೆ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದವರಿಗೆ ಆಂಬುಲೆನ್ಸಿನಲ್ಲಿ ಹಾಕುವ ಗಟ್ಟಿ ಕಾಲರ್‌ನದು ಇನ್ನೊಂದು ಕತೆ. ಅದು ಸಾಗಿಸುವ ಹೊತ್ತಿಗೆಂದು ಮಾಡಿದ್ದು. ಆಸ್ಪತ್ರೆ ತಲುಪಿದ ಮೇಲೆ ಬೇಗನೆ ತೆಗೆಯಬೇಕು, ಇಲ್ಲವೇ ಒಳಮೆತ್ತೆಯುಳ್ಳ ಕಾಲರ್‌ಗೆ ಬದಲಿಸಬೇಕು. ಸ್ಕ್ಯಾನ್ ವರದಿಗೋ ತಜ್ಞರ ಒಪ್ಪಿಗೆಗೋ ಕಾಯುತ್ತಾ ಅದೇ ಕಾಲರ್ ದಿನಗಟ್ಟಲೆ ಉಳಿದರೆ ತಲೆಯ ಹಿಂಭಾಗ ಕೊಳೆಯುತ್ತದೆ. ಅಲ್ಲಿ ಕೂದಲ ಮರೆ ಬೇರೆ.

ಮರೆಯ ಮಾತು ಚರ್ಮದ ಬಣ್ಣಕ್ಕೂ ಸಲ್ಲುತ್ತದೆ. ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಈ ಗಾಯದ ಮೊದಲ ಹಂತದ ಗುರುತು ಎಂದು ಎಲ್ಲ ಪಠ್ಯಗಳೂ ಹೇಳುತ್ತವೆ. ನಸುಗಪ್ಪು, ಕಡುಗಪ್ಪು ಮೈಬಣ್ಣದಲ್ಲಿ ಆ ಕೆಂಪು ಕಾಣುವುದೇ ಇಲ್ಲ, ಕಂಡರೂ ನೇರಳೆಯೋ ಇನ್ನಷ್ಟು ಕಪ್ಪೋ ಆಗಿ ಕಾಣುತ್ತದೆ. ಮಾರ್ಗಸೂಚಿಗಳೂ ಇದನ್ನು ಒಪ್ಪಿವೆ. ನಮ್ಮಲ್ಲಿ ಅದೇ ಮುಖ್ಯ ಪಾಠವಾಗಬೇಕಿತ್ತು: ಪಕ್ಕದ ಚರ್ಮಕ್ಕಿಂತ ಬಿಸಿಯೇ, ಗಟ್ಟಿಯೇ, ಮೆದುವೇ ಎಂದು ಬೆರಳಿನಿಂದ ಮುಟ್ಟಿ ತಿಳಿಯುವ ಪಾಠ. ಎರಡನೆಯ ಹಂತದಲ್ಲಷ್ಟೇ ಪತ್ತೆಯಾಗುವ ಗಾಯವನ್ನು ತಡೆಯಲಿಲ್ಲವೆಂದು ನರ್ಸನ್ನು ಗದರುವುದರಲ್ಲಿ ಅರ್ಥವಿಲ್ಲ.

ಇಷ್ಟಕ್ಕೂ ಜೀವ ಹೋಗುವ ಹೊತ್ತಲ್ಲಿ ಮೂಗಿನ ಮೇಲಿನ ಗಾಯ ದೊಡ್ಡದೇ ಎಂದು ಕೇಳಬಹುದು. ಜೀವ ಮೊದಲು, ಅನುಮಾನವಿಲ್ಲ. ಆದರೆ ಬೈಪ್ಯಾಪ್ ಸೋಲುವ ಕಾರಣಗಳಲ್ಲಿ ಮಾಸ್ಕಿನ ನೋವು ತಡೆಯದೆ ರೋಗಿ ಅದನ್ನು ಕಿತ್ತೆಸೆಯುವುದೂ ಒಂದು. ಆಮೇಲೆ ಗಂಟಲಿಗೆ ಟ್ಯೂಬು, ಅದರ ಹಿಂದೆ ನ್ಯುಮೋನಿಯಾದ ಭಯ. ಗಾಯವನ್ನು ತಪ್ಪಿಸುವುದೂ ಜೀವ ಉಳಿಸುವ ಚಿಕಿತ್ಸೆಯೊಳಗೇ ಬರುತ್ತದೆ. ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ: ಕಫ್ ಕೂರುವುದು ಹೆಚ್ಚುಕಡಿಮೆ ಒಂದೇ ತೆರನಾದ ನಾಳದಲ್ಲಿ, ಮಾಸ್ಕ್ ಕೂರಬೇಕಾದ್ದು ಸಾವಿರ ಬಗೆಯ ಮುಖಗಳ ಮೇಲೆ; ಬಿಗಿಯದಿದ್ದರೆ ಗಾಳಿ ಸೋರುತ್ತದೆ, ಹಾಗಾಗಿ ವಿನ್ಯಾಸದಿಂದ ಇದು ಪೂರ್ತಿ ಬಗೆಹರಿಯದು. ಅರ್ಧ ಒಪ್ಪುತ್ತೇನೆ. ಇಡೀ ತಲೆಗೆ ತೊಡಿಸುವ ಹೆಲ್ಮೆಟ್ ಮೂಗನ್ನು ಬಿಟ್ಟರೂ ಕಂಕುಳಿನ ಪಟ್ಟಿಯಲ್ಲಿ ಕಚ್ಚುತ್ತದೆ. ಆದರೆ ಈಗಿನ ಬೈಪ್ಯಾಪ್ ಯಂತ್ರಗಳು ಸ್ವಲ್ಪ ಸೋರಿಕೆಯನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಬಹಳ ಸಲ ಮಾಸ್ಕ್ ಬಿಗಿಯುವುದು ರೋಗಿಗಾಗಿ ಅಲ್ಲ, ಕೂಗುವ ಅಲಾರಂ ನಿಲ್ಲಿಸುವುದಕ್ಕೆ. ಎಷ್ಟು ಬಿಗಿದರೆ ಸಾಕು ಎಂದು ತೋರಿಸುವ ಗುರುತು ಪಟ್ಟಿಯ ಮೇಲೆ ಇಲ್ಲದಿರುವುದು ಯಾರ ಲೋಪ? 2008ರಲ್ಲಿ ತೈವಾನಿನಲ್ಲಿ 90 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಮಾಸ್ಕಿನಡಿ ಏನೂ ಹಚ್ಚದ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗಾಯವಾಯಿತು, ತೆಳು ಡ್ರೆಸ್ಸಿಂಗ್ ಹಚ್ಚಿದವರಲ್ಲಿ ಅದು ಅರ್ಧದ ಆಸುಪಾಸಿಗೆ ಇಳಿಯಿತು. ಡ್ರೆಸ್ಸಿಂಗ್ ದುಬಾರಿ ಎಂಬ ಮಾತು ಸುಳ್ಳಲ್ಲ. ಆದರೆ ಒಂದು ಹಾಳೆಯಿಂದ ಮೂಗಿನಳತೆಯ ತುಂಡುಗಳನ್ನು ಎಷ್ಟೋ ಕತ್ತರಿಸಬಹುದು. ಪಟ್ಟಿ ಸಡಿಲಿಸದೆ ದಪ್ಪ ಮೆತ್ತೆ ತುರುಕಿದರೆ ಮಾತ್ರ ಒತ್ತಡ ಇಳಿಯುವ ಬದಲು ಏರುತ್ತದೆ.

ಇನ್ನು ಎಚ್ಚರದ ವಾದ. ವೆಂಟಿಲೇಟರಿನಲ್ಲಿರುವ ಪ್ರತಿ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ನಮ್ಮ ದೇಶದ ತೀವ್ರ ನಿಗಾ ತಜ್ಞರ ಸಂಘದ್ದೇ ಶಿಫಾರಸು. ಎರಡು ಮೂರು ಹಾಸಿಗೆಗೆ ಒಬ್ಬರಿರುವ ಐಸಿಯುಗಳು ಎಲ್ಲರಿಗೂ ಗೊತ್ತಿರುವ ವಾಸ್ತವ. ಅಷ್ಟಿದ್ದೂ ಶಿಕ್ಷೆಯಿಂದ ಎಚ್ಚರ ಹೆಚ್ಚಿಸಬಹುದೆಂದು ನಂಬುವವರಿದ್ದಾರೆ. ಅಮೆರಿಕದ ಮೆಡಿಕೇರ್ 2008ರ ಅಕ್ಟೋಬರ್‌ನಿಂದ ಆಸ್ಪತ್ರೆಯಲ್ಲೇ ಆದ ಮೂರನೆಯ, ನಾಲ್ಕನೆಯ ಹಂತದ ಹುಣ್ಣಿಗೆ ಹೆಚ್ಚುವರಿ ಹಣ ಕೊಡುವುದನ್ನು ನಿಲ್ಲಿಸಿತು. ಹಣದ ಭಯ ತಡೆಯುವ ಕೆಲಸಕ್ಕೂ ಪ್ರೇರೇಪಿಸಬಹುದು, ಬರೆಯುವಾಗ ಹಂತ ಇಳಿಸುವುದಕ್ಕೂ ಪ್ರೇರೇಪಿಸಬಹುದು. ಎಚ್ಚರದ ವಾದಕ್ಕೆ ನಿಜವಾದ ಉತ್ತರ ಸಿಕ್ಕಿದ್ದು ಕೋವಿಡ್ ಕಾಲದಲ್ಲಿ. 2020ರಲ್ಲಿ ಚೀನಾದ 4308 ಆರೋಗ್ಯ ಸಿಬ್ಬಂದಿಯ ಸಮೀಕ್ಷೆಯಲ್ಲಿ ಶೇ. 30ರಷ್ಟು ಮಂದಿಗೆ ಮಾಸ್ಕು, ಗಾಗಲ್‌ಗಳಿಂದ ಒತ್ತಡದ ಗಾಯವಾಗಿತ್ತು. ಅವರಿಗೆ ಪ್ರಜ್ಞೆ ಇತ್ತು, ನೋವು ಗೊತ್ತಾಗುತ್ತಿತ್ತು, ಬಿಪಿ ಸರಿಯಿತ್ತು, ಕೈಯೆತ್ತಿ ಸರಿಪಡಿಸಿಕೊಳ್ಳುವ ಶಕ್ತಿಯೂ ಇತ್ತು. ಅಂಥವರ ಮೂಗನ್ನೇ ಬಿಡದ ವಸ್ತು, ಅರಿವಳಿಕೆಯಲ್ಲಿ ಕವುಚಿ ಮಲಗಿಸಿದ ರೋಗಿಯನ್ನು ಬಿಡುತ್ತದೆಯೇ?

ಹಾಗಿದ್ದರೆ ಈ ಗಾಯವನ್ನು ಎಲ್ಲಿ ಬರೆಯಬೇಕು? ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್‌ಗಾಗಿ ಇಡುವ ಬೆಡ್‌ಸೋರ್ ಲೆಕ್ಕದಲ್ಲಿ ಅದು ಇರಲಿ. ಅದರ ಜೊತೆಗೆ 2015ರ ಜುಲೈನಲ್ಲಿ ಆರಂಭವಾದ ಭಾರತೀಯ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮಕ್ಕೂ ಹೋಗಲಿ. ವೈದ್ಯಕೀಯ ಸಲಕರಣೆಗಳಿಂದಾಗುವ ಅನಾಹುತಗಳನ್ನು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ ಮೂಲಕ ಸಂಗ್ರಹಿಸುವ ವ್ಯವಸ್ಥೆ ಅದು. 2017ರ ನಿಯಮಗಳು ಬಂದು, 2020ರ ಏಪ್ರಿಲ್‌ನಿಂದ ಎಲ್ಲ ಸಲಕರಣೆಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಸೇರಿರುವುದರಿಂದ ತಯಾರಕರು ಇದರಿಂದ ನುಣುಚಿಕೊಳ್ಳುವಂತಿಲ್ಲ. ಸ್ಟೆಂಟ್, ಪೇಸ್‌ಮೇಕರ್‌ಗಳ ದೋಷ ಅಲ್ಲಿಗೆ ಸೇರಬೇಕೆಂದು ಎಲ್ಲರಿಗೂ ಹೊಳೆಯುತ್ತದೆ. ತುಟಿ ಸೀಳಿದ ಟ್ಯೂಬಿನ ಪಟ್ಟಿಯೂ ಅಲ್ಲಿಗೇ ಸೇರಬೇಕೆಂದು ಹೊಳೆಯುವುದಿಲ್ಲ. ವರದಿ ಕೊಡಲು ವೈದ್ಯರೇ ಆಗಬೇಕಿಲ್ಲ, ನರ್ಸ್ ಕೊಡಬಹುದು, ತಂತ್ರಜ್ಞರೂ ಕೊಡಬಹುದು. ಒಂದೇ ಮಾದರಿಯ ಮಾಸ್ಕಿನ ಮೇಲೆ ಮಣಿಪಾಲದಿಂದ, ಮಂಗಳೂರಿನಿಂದ, ಹುಬ್ಬಳ್ಳಿಯಿಂದ ವರದಿಗಳು ಬಂದು ಒಂದೆಡೆ ಕೂಡಿದರೆ 1969ರಲ್ಲಿ ಕಫ್ಫಿಗೆ ಆದದ್ದು ಮಾಸ್ಕಿಗೂ ಆಗಲು ದಾರಿಯಿದೆ. ನಮೂನೆಯಲ್ಲಿ ಸಲಕರಣೆಯ ಹೆಸರು, ಮಾದರಿ, ಬ್ಯಾಚ್ ಸಂಖ್ಯೆ ಕೇಳುತ್ತಾರೆ. ಆ ಸಂಖ್ಯೆ ಇರುವುದು ಹೊರಗಿನ ಪೊಟ್ಟಣದ ಮೇಲೆ, ಮತ್ತು ಟ್ಯೂಬು ಹಾಕುವ ಗಡಿಬಿಡಿಯಲ್ಲಿ ಮೊದಲು ಕಸದ ಬುಟ್ಟಿ ಸೇರುವುದೇ ಆ ಪೊಟ್ಟಣ. ಅದರ ಚೀಟಿಯನ್ನು ಕಿತ್ತು ಕೇಸ್ ಶೀಟಿಗೆ ಅಂಟಿಸುವುದನ್ನು ರೂಢಿಸಿಕೊಂಡರೆ, ಮೂರು ದಿನದ ಮೇಲೆ ಗಾಯ ಕಂಡಾಗ ನಮೂನೆಯ ಆ ಸಾಲು ಖಾಲಿ ಉಳಿಯುವುದಿಲ್ಲ.