ಊಟ, ಪಾಠ, ಒಡನಾಟ: ಕೋಲಾರ ಸೀಮೆಯ ಪದವಿ ವಿದ್ಯಾರ್ಥಿಗೆ ಸಿಕ್ಕ ಆಸರೆ

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ದಾಟಲಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು 1914ರಲ್ಲಿ ಮದರಾಸಿನಲ್ಲಿ ಎಂ.ಎ. ಮುಗಿಸಿದರು. ಇಬ್ಬರೂ ಕನ್ನಡದ ದೊಡ್ಡ ಹೆಸರುಗಳಾದರು. ಆದರೆ ಆ ಕಾಲದಲ್ಲಿ ಕೋಲಾರ ಸೀಮೆಯ ಹುಡುಗ ಪದವಿ ಓದಬೇಕೆಂದರೆ ಊರು ಬಿಡಲೇಬೇಕಿತ್ತು. ಇಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕರಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಕೋಲಾರದ ಅಂಚಿನ ಟಮಕದಲ್ಲಿ ವಿಶ್ವವಿದ್ಯಾಲಯವೇ ಇದೆ. ಕಾಲೇಜು ಹತ್ತಿರ ಬಂತು ಸರಿ. ಸೇರಿದ ಮಗು ಮೂರು ವರ್ಷ ಉಳಿದು ಪದವಿ ಪಡೆಯಲು ಏನೇನು ಆಸರೆ ಕಟ್ಟಿದ್ದೇವೆ, ಏನು ಬಾಕಿ ಉಳಿದಿದೆ?

ಊಟ

ಮೊದಲು ಬಂದದ್ದು ಅನ್ನದ ಆಸರೆ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನ ಕೆಲವೇ ಜಾತಿಯವರಿಗೆ ಎಟುಕುತ್ತಿತ್ತು. ಅದು ಎಟುಕದವರಿಗೆ ದಾರಿ ತೆರೆದದ್ದು ಹಾಸ್ಟೆಲ್. ಅಂದಿನ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಎಚ್. ನರಸಿಂಹಯ್ಯನವರು ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬದುಕಿನ ಬಹುಪಾಲನ್ನು ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಕಳೆದ ಅವರಿಗೆ, ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ದೇವರಾಜ ಅರಸರ ಕಾಲದಲ್ಲಿ, 1975ರ ಹಾವನೂರು ಆಯೋಗದ ವರದಿಯ ನಂತರ, ಹಿಂದುಳಿದ ವರ್ಗಗಳ ಓದಿಗೆ ಸರ್ಕಾರದ ಬೆಂಬಲ ಗಟ್ಟಿಯಾಯಿತು. ಕೋಲಾರದಲ್ಲಿ ಹಾಸ್ಟೆಲ್ ಎಂದರೆ ಮಲಗುವ ಜಾಗ ಮಾತ್ರ ಆಗಿರಲಿಲ್ಲ. ದಲಿತ ಚಳವಳಿ ಬೇರುಬಿಟ್ಟ ಈ ಜಿಲ್ಲೆಯಲ್ಲಿ ಅದು ಚರ್ಚೆ, ಹಾಡು, ಹೋರಾಟಗಳ ಪಾಠಶಾಲೆಯೂ ಆಯಿತು. ಹಾಸ್ಟೆಲ್‌ನಲ್ಲಿ ಸೀಟು ಸಿಗದವರ ಊಟ, ವಸತಿಗೆ ವಿದ್ಯಾಸಿರಿ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ಕೊಡತೊಡಗಿತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಚಾರ್ಜು ತಪ್ಪಿತು. ಹಳ್ಳಿಯಿಂದ ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ದಿನಾ ಓಡಾಡುವ ಹುಡುಗಿಗೆ ಇದು ಸಣ್ಣ ಉಳಿತಾಯವಲ್ಲ.

ಪಾಠ

ಎರಡನೆಯ ಹಂತ ಓದಿನ ಆಸರೆ. ಈ ಸೀಮೆಯ ಕಾಲೇಜುಗಳು 1916ರ ಮೈಸೂರು ವಿಶ್ವವಿದ್ಯಾಲಯದ ನೆರಳಿನಿಂದ 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಬಂದವು. ಅದನ್ನು ಮೂರು ಮಾಡಿದಾಗ, 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು. ಅಂಕಪಟ್ಟಿಯ ತಪ್ಪು ತಿದ್ದಿಸಲು ಬೆಂಗಳೂರಿನ ಜ್ಞಾನಭಾರತಿ ಆವರಣಕ್ಕೆ ಹೋಗಬೇಕಿದ್ದವರಿಗೆ ಟಮಕ ಸಾಕಾಯಿತು.

1969ರ ಸೆಪ್ಟೆಂಬರ್ 24ರಂದು ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದ ರಾಷ್ಟ್ರೀಯ ಸೇವಾ ಯೋಜನೆ ವಿದ್ಯಾರ್ಥಿಯನ್ನು ತರಗತಿಯಾಚೆ ತೊಡಗಿಸಿದ ಒಂದು ದೊಡ್ಡ ಪ್ರಯತ್ನ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಹಳ್ಳಿ ಶಿಬಿರ. ಕ್ಲಾಸಿನಲ್ಲಿ ಬಾಯಿ ಬಿಡದ ಮಕ್ಕಳು ಶಿಬಿರದಲ್ಲಿ ಮೈಕು ಹಿಡಿದದ್ದನ್ನು ನಮ್ಮ ಮೇಷ್ಟ್ರುಗಳೆಲ್ಲ ಕಂಡಿದ್ದಾರೆ. 1994ರಲ್ಲಿ ಸ್ಥಾಪನೆಯಾದ, ಕಾಲೇಜುಗಳ ಮೌಲ್ಯಮಾಪನ ಮಾಡುವ ರಾಷ್ಟ್ರೀಯ ಮಂಡಳಿ ನ್ಯಾಕ್, ವಿದ್ಯಾರ್ಥಿ ಬೆಂಬಲವನ್ನೂ ಗುಣಮಟ್ಟದ ಅಳತೆಗೋಲು ಮಾಡಿತು. 2021ರಲ್ಲಿ ರಾಜ್ಯವು ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಅದೇ ವರ್ಷ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು; 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯ ಹೀಗೆ ಹಿಂದಕ್ಕೂ ಮುಂದಕ್ಕೂ ಹೊಯ್ದಾಡಿದಾಗ ಹೆಚ್ಚು ತತ್ತರಿಸಿದವರು, ಮನೆಯಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲದ ಮೊದಲ ತಲೆಮಾರಿನವರು.

ಇಲ್ಲಿ ಇನ್ನೊಂದು ತೊಡಕೂ ಇದೆ. ಆಂಧ್ರದ ಗಡಿಯ ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮಕ್ಕಳಿಗೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಬಿ.ಎಸ್‌ಸಿ. ಪುಸ್ತಕ ಇಂಗ್ಲಿಷ್. ಮೂರು ಭಾಷೆ ದಾಟುವ ಬುದ್ಧಿವಂತ ಹುಡುಗಿ ಮೊದಲ ಸೆಮಿಸ್ಟರಿನಲ್ಲೇ ‘ನನಗೆ ತಲೆ ಇಲ್ಲ’ ಎಂದುಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಮಾವಿನ ಸುಗ್ಗಿ, ಮಾಲೂರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಪಾಳಿ ಕೆಲಸ ಇವೆಲ್ಲ ಹಾಜರಿಯನ್ನು ತಿನ್ನುತ್ತವೆ. ಟ್ಯಾಬ್ಲೆಟ್ ಪಾಠ ಕೊಡಬಲ್ಲದು. ಮೂರು ದಿನ ಬಾರದವಳನ್ನು ‘ಯಾಕಮ್ಮ ಬರಲಿಲ್ಲ?’ ಎಂದು ಕೇಳಲಾರದು.

ಒಡನಾಟ

ಹಾಗೆ ಕೇಳುವ ಮನುಷ್ಯರನ್ನು ಒದಗಿಸುವುದೇ ಮೂರನೆಯ ಹಂತ. ಅಮೆರಿಕದ ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೊ 1975ರಲ್ಲಿ, ವಿದ್ಯಾರ್ಥಿ ಓದು ಬಿಡುವುದು ದಡ್ಡತನದಿಂದಷ್ಟೇ ಅಲ್ಲ, ಕಾಲೇಜಿನ ಓದಿನಲ್ಲೂ ಸ್ನೇಹದಲ್ಲೂ ಬೆರೆಯಲಾಗದೆ ಎಂದು ವಾದಿಸಿದರು. 1984ರಲ್ಲಿ ಅಲ್ಲಿನ ಇನ್ನೊಬ್ಬ ಸಂಶೋಧಕ ಅಲೆಕ್ಸಾಂಡರ್ ಆಸ್ಟಿನ್, ವಿದ್ಯಾರ್ಥಿ ಎಷ್ಟು ತೊಡಗುತ್ತಾನೋ ಅಷ್ಟು ಕಲಿಯುತ್ತಾನೆ ಎಂದರು. ಕ್ಯಾನ್ಸಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯ 1973ರಲ್ಲೇ ಒಂದು ಸರಳ ಕ್ರಮ ರೂಪಿಸಿತ್ತು: ಕಷ್ಟದ ವಿಷಯವನ್ನು ಚೆನ್ನಾಗಿ ಪಾಸು ಮಾಡಿದ ಹಿರಿಯ ವಿದ್ಯಾರ್ಥಿ, ಅದೇ ವಿಷಯ ಓದುವ ಕಿರಿಯರ ಜೊತೆ ವಾರವಾರ ಕೂರಬೇಕು. ಇದು ನಮಗೆ ಹೊಸತಲ್ಲ. ಹಾಸ್ಟೆಲ್ ಕೋಣೆಯಲ್ಲಿ ಸೀನಿಯರ್ ಅಣ್ಣ ರಾತ್ರಿ ಲೆಕ್ಕ ಬಿಡಿಸಿ ತೋರಿಸಿದ್ದು ಇದನ್ನೇ. ಅವರು ಅದನ್ನು ಕಾರ್ಯಕ್ರಮವಾಗಿಸಿದರು. ನಾವು ಅದೃಷ್ಟಕ್ಕೆ ಬಿಟ್ಟೆವು.

ಕಾಗದದ ಮೇಲೆ ನಮ್ಮಲ್ಲೂ ಮಾರ್ಗದರ್ಶಕ ಅಧ್ಯಾಪಕರಿದ್ದಾರೆ. ನ್ಯಾಕ್ ಕೇಳುವ ಲೆಕ್ಕಕ್ಕೆ ಪಟ್ಟಿಯೂ ಇರುತ್ತದೆ. ಆದರೆ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಮೀರಿ ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ತಿಳಿಯದವರು ಮಗುವಿನ ಮೂರು ವರ್ಷದ ಹೊಣೆ ಹೊರುವುದು ಹೇಗೆ? ವಿದ್ಯಾರ್ಥಿಯ ಯಶಸ್ಸಿಗೆ ಅಧ್ಯಾಪಕರ ನೌಕರಿಯ ಭದ್ರತೆಯೇ ಮೊದಲ ಕಾರ್ಯಕ್ರಮ.

ಕಾಲೇಜಿನ ಹೊರಗಿನಿಂದಲೂ ಕಲಿಯುವುದಿದೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ, ಹುಣ್ಣಿಮೆಯ ರಾತ್ರಿ ಹಾಡು, ನಾಟಕಗಳಿಗೆ ಹಳ್ಳಿಯ ಮಕ್ಕಳನ್ನು ಸೇರಿಸಿತು. ಇದು ನನ್ನ ಜಾಗ ಎನಿಸಿದರೆ ಮಕ್ಕಳು ಬೆಟ್ಟವನ್ನೂ ಹತ್ತುತ್ತಾರೆ.

ಊಟದ ಆಸರೆ ಬಹುಮಟ್ಟಿಗೆ ಬಂದಿದೆ, ಪಾಠದ ಆಸರೆ ಅರ್ಧಕ್ಕೆ ನಿಂತಿದೆ, ಒಡನಾಟದ್ದು ಈಗಷ್ಟೇ ಆರಂಭ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ನನ್ನ ಕೋರಿಕೆ ಇಷ್ಟೆ: ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳಲ್ಲಿ ಎರಡನೇ ವರ್ಷದ ಮಕ್ಕಳಿಗೆ ಸಣ್ಣ ಗೌರವಧನ ಕೊಟ್ಟು, ಮೊದಲ ವರ್ಷದವರಿಗೆ ಕನ್ನಡದಲ್ಲೋ ತೆಲುಗಿನಲ್ಲೋ ಕಷ್ಟದ ಪಾಠ ಬಿಡಿಸಿ ಹೇಳುವ ಕೆಲಸ ಒಪ್ಪಿಸಿ. ಒಬ್ಬ ಅಧ್ಯಾಪಕರಿಗೆ ಮೂವತ್ತೇ ಹೆಸರು ಕೊಡಿ, ಮೂರು ವರ್ಷ ಅವರನ್ನೇ ಇರಗೊಡಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.