ಕಿತ್ತೂರಿನ ಭಾಂಡಾರವೂ ಥ್ಯಾಕರೆಯ ಮುಚ್ಚಳಿಕೆಯೂ

ಕಿತ್ತೂರಿನ ಕಾಳಗವನ್ನು ಕುರಿತು ಬರೆದವರು ಬಹುಮಟ್ಟಿಗೆ ದತ್ತಕದ ಪ್ರಶ್ನೆಯನ್ನೇ ಮುಂದಿಟ್ಟು ವಿವೇಚಿಸಿರುವರು. ಅದು ಯುಕ್ತವೇ ಸರಿ. ಆದರೆ 1824ನೆಯ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚುವುದಕ್ಕೆ ಮುನ್ನ ನಡೆದ ವಾದವು ಒಂದು ಹೊಣೆಗಾರಿಕೆಯ ಕಾಗದವನ್ನು ಕುರಿತದ್ದೆಂಬುದು ತಕ್ಕಷ್ಟು ಗಮನಕ್ಕೆ ಬಂದಂತೆ ತೋರುವುದಿಲ್ಲ.

ಮಲ್ಲಸರ್ಜನ ಮಗನಾದ ಶಿವಲಿಂಗರುದ್ರಸರ್ಜನು ಆ ವರ್ಷದ ಸೆಪ್ಟೆಂಬರಿನಲ್ಲಿ ಔರಸ ಸಂತಾನವಿಲ್ಲದೆ ತೀರಿಕೊಂಡನು. ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯು ದತ್ತಕವನ್ನು ಸಂಶಯದಿಂದ ಕಂಡು, ಸಂಸ್ಥಾನದ ಭಾಂಡಾರಕ್ಕೆ ಮೊಹರು ಹಾಕಿಸಿದನು. ಅದರ ಬೆಲೆಯನ್ನು ಸುಮಾರು 15 ಲಕ್ಷ ರೂಪಾಯಿಯೆಂದು ಹೇಳುವ ವಾಡಿಕೆಯುಂಟು.

ಮರಣ, ವ್ಯಾಜ್ಯ ಮುಂತಾದ ಸಂದರ್ಭಗಳಲ್ಲಿ ಉಗ್ರಾಣಕ್ಕೆ ಮೊದಲು ಮೊಹರು, ಬಳಿಕ ಎಣಿಕೆ, ಆಮೇಲೆ ಪಟ್ಟಿಗೆ ಉಭಯ ಪಕ್ಷದ ಸಹಿ ಎಂಬ ಕ್ರಮವು ಲೆಕ್ಕ ಬಲ್ಲವರಿಗೆ ಹೊಸದಲ್ಲ. ಕೌಟಿಲ್ಯನು ಕೋಶವನ್ನು ಸನ್ನಿಧಾತೃವಿಗೂ ಲೆಕ್ಕವನ್ನು ಅಕ್ಷಪಟಲಕ್ಕೂ ಒಪ್ಪಿಸಿ, ಕಾಯುವ ಕೈಯನ್ನು ಬರೆಯುವ ಕೈಯಿಂದ ಬೇರ್ಪಡಿಸಿರುವನು. ಆದರೆ ಅಲ್ಲಿ ಎರಡು ಕೈಗಳೂ ಒಬ್ಬನೇ ಒಡೆಯನವು. ಕಿತ್ತೂರಿನಲ್ಲಾದರೋ ಒಡೆಯನು ಯಾರೆಂಬುದೇ ವ್ಯಾಜ್ಯವಾಗಿದ್ದಿತು.

ಅಕ್ಟೋಬರಿನಲ್ಲಿ ಸೈನ್ಯಸಮೇತನಾಗಿ ಕಿತ್ತೂರಿಗೆ ಬಂದ ಥ್ಯಾಕರೆಯು, ಭಾಂಡಾರವು ಸುರಕ್ಷಿತವಾಗಿರುವುದಕ್ಕೆ ತಾವೇ ಹೊಣೆಯೆಂದು ಸಂಸ್ಥಾನದ ಪ್ರಮುಖರು ಮುಚ್ಚಳಿಕೆ ಬರೆದುಕೊಡಬೇಕೆಂದು ಕೇಳಿದನು. ಮೇಲ್ನೋಟಕ್ಕೆ ಇದು ನಿರಪಾಯವಾದ ಬೇಡಿಕೆ. ಒಳಹೊಕ್ಕು ನೋಡಿದರೆ, ಮೊಹರು ಕಂಪನಿಯದು, ಹೊಣೆ ಕಿತ್ತೂರಿನವರದು. ತನ್ನ ಮನೆಯ ಒಡವೆಗೆ ಯಾರೂ ಪರರಲ್ಲಿ ಜಾಮೀನು ನಿಲ್ಲುವುದಿಲ್ಲ; ನಿಂತರೆ ಒಡವೆಯ ಲೆಕ್ಕ ಕೇಳುವ ಹಕ್ಕು ಆ ಪರರಿಗುಂಟೆಂದು ಒಪ್ಪಿಕೊಂಡಂತೆಯೇ. ಸಹಿ ಬಿದ್ದಿದ್ದರೆ ರಾಣಿ ಚೆನ್ನಮ್ಮನವರ ಅರಮನೆಯು ಕಂಪನಿಯ ಉಗ್ರಾಣವಾಗಿಯೂ, ಅವರ ಸರದಾರರು ಅದರ ಉಗ್ರಾಣಿಕರಾಗಿಯೂ ಪರಿಣಮಿಸುತ್ತಿದ್ದರು. ದತ್ತಕದ ತೀರ್ಪಿಗೆ ಕಾಯುವ ಅಗತ್ಯವೇ ಉಳಿಯುತ್ತಿರಲಿಲ್ಲ. ಅವರು ಸಹಿ ಹಾಕಲೊಲ್ಲದುದನ್ನು ಬರಿಯ ಹಟವೆನ್ನುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಕಾಗದದ ಅರ್ಥವನ್ನು ಅವರು ಚೆನ್ನಾಗಿಯೇ ಅರಿತಿದ್ದರು.

ಮುಂದಿನ ಕಥೆ ಪ್ರಸಿದ್ಧವಾದುದು. 23ರಂದು ಥ್ಯಾಕರೆಯು ಹತನಾದನು. ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆಸಿಕ್ಕರು. ಈ ಎಲಿಯಟನೇ ಮುಂದೆ ಕನ್ನಡ ನಾಡಿನ ಶಾಸನಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಕೂಡಿಸಿ ನಮ್ಮ ಚರಿತ್ರೆಗೆ ಉಪಕರಿಸಿದ ಸರ್ ವಾಲ್ಟರ್ ಎಲಿಯಟ್. ಡಿಸೆಂಬರ್ 5ರಂದು ಕೋಟೆಯು ಬಿದ್ದು, ಭಾಂಡಾರವು ಯಾರ ಮುಚ್ಚಳಿಕೆಯೂ ಇಲ್ಲದೆ ಕಂಪನಿಯ ಕೈಸೇರಿತು. ಬೈಲಹೊಂಗಲದಲ್ಲಿ ಬಂಧನದಲ್ಲಿದ್ದ ಚೆನ್ನಮ್ಮನವರು 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ಕಾಲವಾದರು.